ಹೊಲಿಯದೆ ಬಿಟ್ಟ ಗಾಯ

1998ರ ಆಗಸ್ಟ್ 15ರ ಶನಿವಾರ ಮಧ್ಯಾಹ್ನ 3 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಉತ್ತರ ಐರ್ಲೆಂಡಿನ ಓಮಾ ಪಟ್ಟಣದ ಮಾರ್ಕೆಟ್ ಸ್ಟ್ರೀಟಿನಲ್ಲಿ ಕಾರ್ ಬಾಂಬ್ ಸಿಡಿದಾಗ, ನಾನು ಅದೇ ನಾಡಿನ ಡೆರಿ ನಗರದ ಆಸ್ಪತ್ರೆಯೊಂದರಲ್ಲಿ ಕಿರಿಯ ಶಸ್ತ್ರವೈದ್ಯನಾಗಿದ್ದೆ. ಹುಬ್ಬಳ್ಳಿಯಲ್ಲಿ ಓದಿ ಹೋದವನು. ರಸ್ತೆ ಅಪಘಾತದ ಗಾಯಗಳನ್ನು ಸಾಕಷ್ಟು ಹೊಲಿದಿದ್ದೆನಾದರೂ ಬಾಂಬಿನ ಗಾಯವನ್ನು ಕಂಡಿರಲಿಲ್ಲ. ಏಪ್ರಿಲಿನಲ್ಲಿ ಗುಡ್ ಫ್ರೈಡೇ ಶಾಂತಿ ಒಪ್ಪಂದವಾಗಿ, ಮೇ ತಿಂಗಳಲ್ಲಿ ಜನ ಅದಕ್ಕೆ ಮತ ಹಾಕಿದ್ದರಿಂದ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಮುದಾಯಗಳ ನಡುವಿನ ಮೂವತ್ತು ವರ್ಷಗಳ ರಕ್ತಪಾತ ಮುಗಿಯಿತೆಂದು ನಮ್ಮ ವಾರ್ಡಿನ ದಾದಿಯರು ನಂಬಿದ್ದರು. ಆ ಒಪ್ಪಂದವನ್ನು ಧಿಕ್ಕರಿಸಿ, ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ)ಯಿಂದ ಸಿಡಿದು ಬೇರೆಯಾಗಿದ್ದ ರಿಯಲ್ ಐಆರ್‌ಎ ಎಂಬ ಸಶಸ್ತ್ರ ಗುಂಪು ಈ ಬಾಂಬನ್ನು ಇಟ್ಟಿತ್ತು.

ಗಾಯಾಳುಗಳು ಮೊದಲು ಓಮಾದ ಆಸ್ಪತ್ರೆಗೆ, ಬಸ್ಸಿನಲ್ಲಿ ಕೂಡ, ಹೋಗಿದ್ದರು. ಅಲ್ಲಿ ಕಾಲಿಡಲು ಜಾಗವಿಲ್ಲದಾದಾಗ ಹಲವರನ್ನು ಬೇರೆ ಊರುಗಳಿಗೆ ಸಾಗಿಸಲಾಯಿತು. ನಮ್ಮಲ್ಲಿಗೆ ಬಂದವರ ಕೈಗೆ ಸಂಖ್ಯೆ ಕಟ್ಟಿ, ಉಸಿರು, ರಕ್ತಸ್ರಾವ, ಪ್ರಜ್ಞೆ ಈ ಮೂರನ್ನಷ್ಟೇ ನೋಡಿ ಸರದಿ ನಿರ್ಧರಿಸಿದೆವು. ಹೆಸರು ಕೇಳಿದೊಡನೆ ಯಾವ ಸಮುದಾಯವೆಂದು ಊಹಿಸುವ ಆ ನಾಡಿನಲ್ಲಿ ಆ ಸಂಜೆ ನಮಗೆ ಹೆಸರು ಬೇಕಾಗಲಿಲ್ಲ.

ಒಬ್ಬ ಹೆಂಗಸು ನನ್ನ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲ. ಆಘಾತದಿಂದ ಮಾತು ನಿಂತಿದೆಯೆಂದುಕೊಂಡೆ. ಕಿವಿಯಿಂದ ಕುತ್ತಿಗೆಗೆ ಇಳಿದು ಒಣಗಿದ್ದ ರಕ್ತದ ಗೆರೆಯನ್ನು ಕಂಡಾಗ ಅರ್ಥವಾಯಿತು: ಎರಡೂ ಕಿವಿತಮಟೆಗಳು ಹರಿದಿದ್ದವು. ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಲ್ಲಿ ನೋವು?’ ಎಂದು ಬರೆದು ತೋರಿಸಿದೆ. ಆಕೆ ತೊಡೆಯನ್ನು ಮುಟ್ಟಿ ತೋರಿಸಿದರು.

ಬೆರಳಿನ ಉದ್ದದ, ನೋಡಲು ಶುಚಿಯಾದ ಗಾಯ. ತೊಳೆದು ಎರಡು ಹೊಲಿಗೆ ಹಾಕಿದ್ದೆ. ಹಿರಿಯ ವೈದ್ಯರು ಬಂದು ಎರಡನ್ನೂ ಕತ್ತರಿಸಿ, ಒಳಗೆ ಬೆರಳಾಡಿಸಿ, ಬಟ್ಟೆಯ ಎಳೆಗಳನ್ನೂ ಬಣ್ಣ ಅಂಟಿದ್ದ ತಗಡಿನ ಚೂರನ್ನೂ ಹೊರತೆಗೆದರು. ನನಗೆ ಆದ ನಾಚಿಕೆಯನ್ನು ಮರೆತಿಲ್ಲ. ಸ್ಫೋಟದ ರಭಸವು ಮಣ್ಣು, ಬಟ್ಟೆ, ಲೋಹವನ್ನು ಮಾಂಸದೊಳಕ್ಕೆ ತುರುಕಿರುತ್ತದೆ. ಮೇಲೆ ಮುಚ್ಚಿದರೆ ಒಳಗೆ ಕೊಳೆಯುತ್ತದೆ. ಆದ್ದರಿಂದ ಚಿಮುಟದಲ್ಲಿ ಹಿಡಿದರೆ ಸಂಕುಚಿಸದ, ಕತ್ತರಿಸಿದರೆ ರಕ್ತ ಒಸರದ ಸ್ನಾಯುವನ್ನೆಲ್ಲ ತೆಗೆದು, ಸಲೈನಿನಲ್ಲಿ ಧಾರಾಳವಾಗಿ ತೊಳೆದು, ಗಾಜ್ ಬಟ್ಟೆಯನ್ನು ಸಡಿಲವಾಗಿ ಇಟ್ಟು ತೆರೆದೇ ಬಿಡಬೇಕು. ಬೆಳಗಿನವರೆಗೂ ನಾನು ಮಾಡಿದ್ದು ಅದನ್ನೇ.

ಸ್ಫೋಟಕ್ಕೆ ಮೊದಲು ಬಾಂಬಿನ ಬಗ್ಗೆ ಎಚ್ಚರಿಸಿ ಬಂದ ಫೋನ್ ಕರೆಗಳು ಊರಿನ ನ್ಯಾಯಾಲಯದ ಕಟ್ಟಡದತ್ತ ಬೆರಳು ಮಾಡಿದ್ದರಿಂದ ಪೊಲೀಸರು ಜನರನ್ನು ಅಲ್ಲಿಂದ ದೂರ, ಕಾರು ನಿಂತಿದ್ದ ಕಡೆಗೇ ಕಳಿಸಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಸತ್ತವರು 29 ಮಂದಿ, ಜೊತೆಗೆ ಗರ್ಭದಲ್ಲಿದ್ದ ಅವಳಿ ಶಿಶುಗಳು. ಎರಡೂ ಸಮುದಾಯದವರು, ಮಕ್ಕಳು, ಸ್ಪೇನಿನಿಂದ ಬಂದಿದ್ದ ಇಬ್ಬರು. ಇದನ್ನು ಯಾವ ರಾಜಕೀಯ ಗುರಿಯ ಹೆಸರಿನಲ್ಲಿ ಯಾರೇ ಸಮರ್ಥಿಸಿದರೂ ನಾನು ಕೇಳಲಾರೆ.

ಐದನೆಯ ದಿನ ಆ ತೊಡೆಯ ಕಟ್ಟು ಬಿಚ್ಚಿದೆವು. ಕೀವಿರಲಿಲ್ಲ, ಅಂಚುಗಳು ಕೆಂಪಗಿದ್ದವು. ಈ ಬಾರಿ ಹೊಲಿಗೆ ಹಾಕಲು ಹಿರಿಯರು ಸೂಜಿಯನ್ನು ನನ್ನ ಕೈಗೇ ಕೊಟ್ಟರು.