ಎದುರು ಪಾಳಯದವರೊಡನೆ ತಂಡ ಕಟ್ಟಿದ್ದು

2004ರಲ್ಲಿ ಬಿಡುಗಡೆಯಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಅಲಯನ್ಸ್ ಮತ್ತು ಹೋರ್ಡ್ ಎಂಬ ಎರಡು ಪಾಳಯಗಳ ನಡುವೆ ಮಾತುಕತೆಗೆ ಅವಕಾಶವಿರಲಿಲ್ಲ. ಹೋರ್ಡ್‌ನವರು ನಗುತ್ತ ‘ಲೋಲ್’ ಎಂದು ಟೈಪ್ ಮಾಡಿದರೆ ಅಲಯನ್ಸ್‌ನವರಾದ ನಮ್ಮ ಪರದೆಯ ಮೇಲೆ ‘ಕೆಕ್’ ಎಂದು ಮೂಡುತ್ತಿತ್ತು. ಕೈಬೀಸುವುದು, ತಲೆಬಾಗುವುದು ಮುಂತಾದ ಸನ್ನೆಗಳಷ್ಟೇ ಅರ್ಥವಾಗುತ್ತಿದ್ದವು. ಅಲಯನ್ಸ್‌ನ ಒಂದು ಸಣ್ಣ ಗಿಲ್ಡ್‌ನಲ್ಲಿ (ಆಟಗಾರರ ಕಾಯಂ ಕೂಟದಲ್ಲಿ) ರೇಡ್, ಅಂದರೆ ದೊಡ್ಡ ತಂಡದ ದಾಳಿ, ನಡೆಸುತ್ತಿದ್ದ ನನಗೆ ಹೋರ್ಡ್‌ನಲ್ಲಿ ಮೂವರು ಆಪ್ತ ಗೆಳೆಯರಿದ್ದರು. ಆಟದ ಹೊರಗೆ, ಡಿಸ್ಕಾರ್ಡ್‌ನಲ್ಲಿ ದಿನವೂ ಹರಟುತ್ತಿದ್ದೆವು, ಆದರೆ ಒಂದೇ ಬಾಸ್‌ನ (ದೊಡ್ಡ ಶತ್ರುವಿನ) ಎದುರು ಜೊತೆಯಾಗಿ ನಿಲ್ಲಲು ಆಟವೇ ಬಿಡುತ್ತಿರಲಿಲ್ಲ.

2022ರ ಮೇ ಕೊನೆಯಲ್ಲಿ ಬಂದ 9.2.5 ಪ್ಯಾಚ್ (ಆಟದ ಹೊಸ ಪರಿಷ್ಕರಣೆ) ಈ ತಡೆಯನ್ನು ತೆಗೆಯಿತು. ನಾನು ಮೊದಲು ಮಾಡಿದ್ದು ಎಲ್ಲರ ಬ್ಯಾಟಲ್‌ಟ್ಯಾಗ್ (ಆಟದ ಖಾತೆಯ ಹೆಸರು) ಪಡೆದು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡದ್ದು. ಹಾಗೆ ಸೇರಿಸಿಕೊಂಡವರನ್ನು, ಅಥವಾ ಎರಡೂ ಪಾಳಯಗಳಿಗೆ ತೆರೆದಿರುವ ಕಮ್ಯುನಿಟಿಯ ಸದಸ್ಯರನ್ನು, ನೇರವಾಗಿ ಪಾರ್ಟಿಗೆ (ತಂಡಕ್ಕೆ) ಕರೆಯಬಹುದಿತ್ತು. ಖಾಲಿ ಉಳಿದ ಜಾಗಗಳನ್ನು, ಆಟದಲ್ಲಿ ತಂಡ ಹುಡುಕಲು ಇರುವ ಗ್ರೂಪ್ ಫೈಂಡರ್‌ನಲ್ಲಿ ಪ್ರಕಟಿಸಿ ತುಂಬಿಕೊಂಡೆವು.

ಡಂಜನ್ (ಸಣ್ಣ ತಂಡ ಹೊಕ್ಕು ಕಾದಾಡುವ ನೆಲೆ) ಮತ್ತು ರೇಡ್‌ನ ಒಳಗೆ ನಾವು ಮಿತ್ರರು. ಹೊರಗಿನ ಬಯಲಿನಲ್ಲಿ, ಒಂದೇ ಪಾರ್ಟಿಯಲ್ಲಿದ್ದರೂ, ಅಪರಿಚಿತರೇ. ವಾರ್ ಮೋಡ್ (ಎದುರು ಪಾಳಯದವರೊಡನೆ ಕಾದಾಟಕ್ಕೆ ಒಪ್ಪುವ ಆಯ್ಕೆ) ಆನ್ ಆಗಿದ್ದರಂತೂ ಪರಸ್ಪರ ಹೊಡೆದಾಡಬಹುದಿತ್ತು. ಇದನ್ನು ಮೊದಲೇ ಹೇಳಿಡದ ತಪ್ಪು ನನ್ನದು: ಮೊದಲ ರಾತ್ರಿ ರೇಡ್‌ನ ಬಾಗಿಲಲ್ಲೇ ನಮ್ಮ ಮೇಜ್ (ಮಂತ್ರವಾದಿ) ಬೀಸಿದ ಮಂತ್ರ ನಮ್ಮದೇ ಹೀಲರ್‌ನ (ಗಾಯ ಮಾಯಿಸುವವನ) ಮೇಲೆ ಬಿತ್ತು. ಅಂದಿನಿಂದ, ಹೊರಡುವ ಮುನ್ನ ವಿಶ್ರಾಂತಿಯ ಊರಿನಲ್ಲಿ ಎಲ್ಲರೂ ವಾರ್ ಮೋಡ್ ಆಫ್ ಮಾಡಿಬರಬೇಕೆಂಬುದು ನಮ್ಮ ಮೊದಲ ನಿಯಮವಾಯಿತು. ಆದರೂ ಬಯಲಿನ ಹಗೆತನವನ್ನು ಉಳಿಸಿಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅದೂ ಹೋದರೆ ಎರಡು ಪಾಳಯಗಳಿರುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ನಿಜವಾದ ಕಷ್ಟ ಎದುರಾದದ್ದು ಒಳಗೆ, ಮಾತಿನಲ್ಲಿ. ನಮ್ಮ ಶಾಮನ್‌ಗಳು (ಇನ್ನೊಂದು ಬಗೆಯ ಮಾಂತ್ರಿಕರು) ‘ಹೀರೋಯಿಸಂ’ ಎನ್ನುವ ಮಂತ್ರವನ್ನು ಹೋರ್ಡ್‌ನ ಶಾಮನ್‌ಗಳು ‘ಬ್ಲಡ್‌ಲಸ್ಟ್’ ಎನ್ನುತ್ತಾರೆ. ಪರಿಣಾಮ ಒಂದೇ, 40 ಸೆಕೆಂಡುಗಳ ಕಾಲ ಇಡೀ ತಂಡದ ಹೊಡೆತ ಮತ್ತು ಮಂತ್ರಗಳ ವೇಗ 30% ಹೆಚ್ಚುತ್ತದೆ, ಆಮೇಲೆ 10 ನಿಮಿಷ ಯಾರಿಗೂ ಮತ್ತೆ ಸಿಗುವುದಿಲ್ಲ. ಬಾಸ್‌ನ ಕೊನೆಯ ಹಂತದಲ್ಲಿ ನಾನು ರೂಢಿಯಂತೆ ‘ಹೀರೋಯಿಸಂ’ ಎಂದು ಕೂಗಿದೆ. ಆ ಹೊತ್ತಿಗೆ ನಮ್ಮ ಶಾಮನ್ ಸತ್ತು ಬಿದ್ದಿದ್ದ. ಹೋರ್ಡ್‌ನ ಶಾಮನ್, ಕರೆದದ್ದು ನಮ್ಮ ಶಾಮನ್‌ನನ್ನೆಂದು ಭಾವಿಸಿ, ಸುಮ್ಮನೆ ನಿಂತಿದ್ದ. ತಂಡವೆಲ್ಲ ಮಣ್ಣುಮುಕ್ಕಿತು. ಮಾತಾಡಲು ದಾರಿ ಸಿಕ್ಕ ಮಾತ್ರಕ್ಕೆ ಮಾತು ಒಂದಾಗಿರಲಿಲ್ಲ. ಮರುದಿನ ಕುಳಿತು, ಮಂತ್ರದ ಹೆಸರಿನ ಬದಲು ಮಾಡಬೇಕಾದವರ ಹೆಸರು ಹಿಡಿದು ಕರೆಯುವುದೆಂದೂ, ಅವರು ಸತ್ತಿದ್ದರೆ ಮುಂದಿನ ಸರದಿ ಯಾರದೆಂದೂ ಬರೆದಿಟ್ಟೆವು. ನಾಲ್ಕನೆಯ ಪ್ರಯತ್ನದಲ್ಲಿ ಬಾಸ್ ಬಿದ್ದಿತು.

2023ರ ಮೇ ತಿಂಗಳ 10.1 ಪ್ಯಾಚ್‌ನೊಂದಿಗೆ ಗಿಲ್ಡ್‌ಗಳೂ ಎರಡು ಪಾಳಯಗಳಿಗೆ ತೆರೆದುಕೊಂಡವು. ಆ ಮೂವರು ಅದೇ ವಾರ ಸೇರಿದರು. ಬಂದವರು ಅತಿಥಿಗಳಂತೆ ಮುದುಡಿಕೊಂಡಿರಬಾರದೆಂದು, ಲೂಟ್ (ಗೆದ್ದ ವಸ್ತುಗಳ) ಹಂಚಿಕೆಯನ್ನೂ ರೇಡ್‌ನ ದಿನಗಳನ್ನೂ ನಿರ್ಧರಿಸುವ ಆಫೀಸರ್‌ಗಳಲ್ಲಿ ಒಬ್ಬರು ಯಾವಾಗಲೂ ಹೋರ್ಡ್‌ನವರೇ ಆಗಿರಬೇಕೆಂದು ಗೊತ್ತುಮಾಡಿದೆವು. ಮೊದಲು ಆ ಜಾಗಕ್ಕೆ ಬಂದವನು ಅಂದು ಸುಮ್ಮನೆ ನಿಂತಿದ್ದ ಆ ಶಾಮನ್.