ಹೊಸ ಅಣಬೆ ಎನ್ನುವ ಮೊದಲು

ಜೂನ್ ಮಳೆ ಹಿಡಿದು ಎರಡು ವಾರ ಕಳೆದರೆ ಕೊಡಗಿನ ದೇವರಕಾಡುಗಳ ತರಗೆಲೆಯಲ್ಲಿ ಸೆಂಟಿಮೀಟರ್ ಅಗಲವೂ ಇಲ್ಲದ ಟೋಪಿಯ ಅಣಬೆಗಳು ಏಳುತ್ತವೆ. ಸಾರು ಮಾಡಲು ತರುವ ಕುಮ್ಮು, ಅಂದರೆ ತಿನ್ನುವ ಅಣಬೆ, ಅಲ್ಲ ಇವು. ಬಹಳಷ್ಟು ಮೈಸೀನಾ, ಮರಾಸ್ಮಿಯಸ್ ಕುಲದವು. ಇವುಗಳಲ್ಲಿ ಯಾವುದಾದರೂ ವಿಜ್ಞಾನಕ್ಕೆ ಹೊಸ ಜಾತಿಯೇ ಎಂದು ಗುರುತಿಸಲು ಬೇಕಾದ ಅರ್ಧ ಸಾಕ್ಷ್ಯ ಅಂದೇ ಬಾಡಿಹೋಗುತ್ತದೆ.

ಅರಣ್ಯ ಇಲಾಖೆಯ ಅನುಮತಿ, ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರ ಒಪ್ಪಿಗೆ ಮೊದಲು. ಕಾಡಿನಲ್ಲಿ ನಾನು ಅಣಬೆ ಕೀಳುವುದಿಲ್ಲ. ಅಂಟಿದ ಎಲೆ, ಕಡ್ಡಿ ಸಮೇತ ಚಾಕುವಿನಿಂದ ಎತ್ತುತ್ತೇನೆ. ಕಾಂಡದ ಬುಡದಲ್ಲಿ ಪುಟ್ಟ ತಟ್ಟೆಯಿದೆಯೋ, ರೋಮವಿದೆಯೋ ಎಂಬುದೇ ಮೈಸೀನಾದಲ್ಲಿ ಮುಖ್ಯ ಗುರುತು. ಎಲೆ ಯಾವ ಮರದ್ದೆಂದೂ ಬರೆಯಬೇಕು. ಮಾಕುಟ್ಟದ ಕಡೆ ಧೂಪದ ಮರದಡಿ ಸಿಕ್ಕಿದ್ದಾದರೆ ಮರದ ಬೇರಿನೊಡನೆ ಬದುಕುವ ಇನೊಸೈಬೆ ಕುಲದ್ದು ಇರಬಹುದು, ಲೆಕ್ಕವೇ ಬೇರೆ. ಮೊಗ್ಗಿನಿಂದ ಮುದಿಯವರೆಗೆ ಐದಾರು ಬೇಕು. ಒಂದೇ ಸಿಕ್ಕರೆ ಬಿಟ್ಟುಬರುವುದೇ ಒಳ್ಳೆಯದು. ಪ್ಲಾಸ್ಟಿಕ್ ಕವರಿನಲ್ಲಿ ಸಂಜೆಯೊಳಗೆ ಲೋಳೆಯಾಗುತ್ತವೆ. ಖಾನೆಗಳಿರುವ ಡಬ್ಬಿಯಲ್ಲಿ ಒದ್ದೆ ಪಾಚಿಯ ಚೂರಿನೊಂದಿಗೆ ಇಡುತ್ತೇನೆ. ಬಣ್ಣ, ವಾಸನೆ, ಮುರಿದಾಗ ಸೋರುವ ಹಾಲು, ಇವಿಷ್ಟೂ ಅಲ್ಲೇ ಬರೆಯಬೇಕು. ಒಣಗಿದ ಮೇಲೆ ಎಲ್ಲ ಕಂದು.

ಮನೆಗೆ ಬಂದೊಡನೆ ಒಂದರ ಟೋಪಿ ಕತ್ತರಿಸಿ ಗಾಜಿನ ಸ್ಲೈಡಿನ ಮೇಲೆ ಕವುಚಿ, ಲೋಟ ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಬಿದ್ದ ಪುಡಿಯೇ ಬೀಜಕಗಳು, ಅಣಬೆಯ ಸಂತಾನ ಹರಡುವ ಸೂಕ್ಷ್ಮ ಕಣಗಳು (ಸ್ಪೋರ್). ಪುಡಿ ನಸುಗೆಂಪಾಗಿದ್ದು, ಬೀಜಕಗಳಿಗೆ ಮೂಲೆಗಳಿದ್ದರೆ ಎಂಟೊಲೋಮಾ ಕುಲ. ಬಿಳಿಯಾದರೆ ಅಯೋಡಿನ್ ಇರುವ ಮೆಲ್ಜರ್ ದ್ರಾವಣದ ಹನಿ: ಮೈಸೀನಾದ ಬೀಜಕ ಸಾಮಾನ್ಯವಾಗಿ ನೀಲಿ-ಬೂದಿಗೆ ತಿರುಗುತ್ತದೆ, ಮರಾಸ್ಮಿಯಸ್‌ನದು ತಿರುಗುವುದಿಲ್ಲ.

ಅಳೆಯುವುದು ಈ ಪುಡಿಯ ಬೀಜಕಗಳನ್ನೇ, ಸೂಕ್ಷ್ಮದರ್ಶಕದಲ್ಲಿ 1000 ಪಟ್ಟು ಹಿಗ್ಗಿಸಿ, ಕನಿಷ್ಠ 30. ಟೋಪಿಯಡಿಯ ಪಟ್ಟಿಯಿಂದ ಕೆರೆದು ತೆಗೆದರೆ ಬಲಿಯದವೂ ಸೇರಿ ಅಳತೆ ಕುಗ್ಗುತ್ತದೆ. ಎಡವುವ ಜಾಗ ಇನ್ನೊಂದಿದೆ: ಬೀಜಕ ಹೊರುವ ಕೋಶದಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಕ, ಕೆಲವು ಅಣಬೆಗಳಲ್ಲಿ ಎರಡೇ. ಎರಡಿದ್ದಲ್ಲಿ ಬೀಜಕ ದೊಡ್ಡದು. ಆ ಕೋಶ ನೋಡದೆ ಬರೀ ಅಳತೆ ನೆಚ್ಚಿದರೆ ಹಳೆಯದೇ ಹೊಸದಾಗಿ ಕಾಣುತ್ತದೆ.

ಉಳಿದವನ್ನು ಡ್ರೈಯರಿನಲ್ಲಿ 40–45 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಜಿಪ್ ಕವರಿಗೆ ಹಾಕುತ್ತೇನೆ. ಒಲೆಯ ಅಟ್ಟದಲ್ಲಿಟ್ಟರೆ ಹದ ಸಿಗದು, ಬೆಂದರೆ ಡಿಎನ್‌ಎ ಕೆಡುತ್ತದೆ. ಶಿಲೀಂಧ್ರದ ಜಾತಿ ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗದ ಡಿಎನ್‌ಎ ಓದಿಸುವುದು ಕೊನೆಗೆ. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹದಲ್ಲಿ ತಪ್ಪು ಹೆಸರಿನ ಅನುಕ್ರಮಗಳೂ ಇವೆ. 97 ಶೇಕಡಾ ಹೊಂದಿತೆಂದು ತೀರ್ಮಾನಿಸದೆ ಆ ಕುಲದ ಮೂಲ ವಿವರಣೆಗಳನ್ನು ಒಂದೊಂದಾಗಿ ಓದಿ ಹೋಲಿಸಬೇಕು. ತಿಂಗಳುಗಳ ಕೆಲಸ ಇದೇ.

ಯಾವುದಕ್ಕೂ ಹೊಂದದಿದ್ದರೆ ಮಾದರಿಯನ್ನು ಒಣ ಮಾದರಿಗಳನ್ನು ಕಾಪಿಡುವ ಹರ್ಬೇರಿಯಂಗೆ ಒಪ್ಪಿಸಿ, ಮೈಕೋಬ್ಯಾಂಕ್‌ನಂಥ ಶಿಲೀಂಧ್ರ ಹೆಸರುಗಳ ನೋಂದಣಿಯಿಂದ ಸಂಖ್ಯೆ ಪಡೆಯಬೇಕು. 2013ರಿಂದ ಈ ಸಂಖ್ಯೆಯಿಲ್ಲದೆ ಪ್ರಕಟವಾದ ಹೊಸ ಹೆಸರಿಗೆ ಮಾನ್ಯತೆಯಿಲ್ಲ.