ಬ್ಯಾಂಕಿನ ಕೌಂಟರಿನಲ್ಲಿ ಮನಸ್ಸು ಚೇತರಿಸಿಕೊಳ್ಳುವ ಬಗೆ

ಬ್ಯಾಂಕಿನ ಶಾಖೆಯಲ್ಲಿ ದುಡಿಯುವವರು ಒತ್ತಡದ ಮಾತೆತ್ತಿದಾಗಲೆಲ್ಲ ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಹೇಳಿ ಸುಮ್ಮನಾಗಿಸುವ ರೂಢಿ ನಮ್ಮಲ್ಲಿದೆ. ಆದರೆ ಎಲ್ಲವನ್ನೂ ಬಾಯಿಮುಚ್ಚಿ ತಾಳಿಕೊಳ್ಳುವುದು ಬೇರೆ, ಪೆಟ್ಟು ತಿಂದ ಮೇಲೆ ಚೇತರಿಸಿಕೊಳ್ಳುವುದು ಬೇರೆ. ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತ ನಾನು ಇಲ್ಲಿ ಬರೆಯುತ್ತಿರುವುದು ಎರಡನೆಯದನ್ನು ಕುರಿತು.

ಮೊದಲು ದಣಿವನ್ನು ಗುರುತಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣವು ಬರ್ನ್‌ಔಟನ್ನು ಕಾಯಿಲೆ ಎನ್ನದೆ, ಕೆಲಸದ ದೀರ್ಘಕಾಲದ ಒತ್ತಡ ನಿಭಾಯಿಸಲಾಗದಿದ್ದಾಗ ಉಂಟಾಗುವ ಸ್ಥಿತಿ ಎಂದು ಕರೆದು, ಶಕ್ತಿಯೆಲ್ಲ ಬಸಿದುಹೋದಂಥ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ ಎಂಬ ಮೂರು ಲಕ್ಷಣಗಳನ್ನು ಹೇಳುತ್ತದೆ. ಪಿಂಚಣಿ ಪಡೆಯಲು ಬಂದ ಅಜ್ಜನ ಆರೋಗ್ಯ ವಿಚಾರಿಸುತ್ತಿದ್ದ ನೀವು, ಅವರು ಪಾಸ್‌ಬುಕ್ ಚಾಚಿದರೇ ಸಿಡುಕುವಂತಾಗಿದ್ದರೆ, ಅದನ್ನು ಸ್ವಭಾವದೋಷವೆಂದು ಹಳಿದುಕೊಳ್ಳದೆ ದಣಿವಿನ ಸೂಚನೆಯೆಂದು ತಿಳಿಯಿರಿ.

ಸಂಜೆ ಕ್ಯಾಶ್ ಟ್ಯಾಲಿ ಆಗದ ಗಳಿಗೆಯನ್ನೇ ತೆಗೆದುಕೊಳ್ಳೋಣ. ಕೊರತೆ ಬಿದ್ದರೆ ಕೈಯಿಂದ ಕಟ್ಟಬೇಕೆಂಬ ಭಯಕ್ಕೆ ಎದೆ ಹೊಡೆದುಕೊಳ್ಳುತ್ತದೆ, ಬೆರಳುಗಳು ಅವಸರಪಡುತ್ತವೆ. ಆಗ ನೋಟುಗಳಿಂದ ಕೈ ತೆಗೆದು, ಉಸಿರು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಐದಾರು ಬಾರಿ ಉಸಿರಾಡಿ. ದೀರ್ಘವಾಗಿ ಉಸಿರು ಬಿಡುವಾಗ ಹೃದಯದ ಬಡಿತ ತಗ್ಗುತ್ತದೆ. ಆಮೇಲೆ ಇನ್ನೊಬ್ಬರನ್ನು ಕರೆಯಿರಿ. ಒಮ್ಮೆ 500 ರೂಪಾಯಿ ಕೊರತೆ ಬಂದಾಗ ನಾನು ಒಂದೇ ಕಟ್ಟನ್ನು ನಾಲ್ಕು ಬಾರಿ ಎಣಿಸಿ ಬೆವತಿದ್ದೆ; ಪಕ್ಕದ ಕೌಂಟರಿನವರು ಬಂದು ವೋಚರುಗಳನ್ನು ಒಂದೊಂದಾಗಿ ಓದುತ್ತ ಹೋದಾಗ, 4,500 ರೂಪಾಯಿಯ ಜಮೆಯನ್ನು 5,000 ಎಂದು ನಾನೇ ನಮೂದಿಸಿದ್ದು ಹತ್ತು ನಿಮಿಷದಲ್ಲಿ ಸಿಕ್ಕಿತು. ಅಂದಿನಿಂದ ನಾವಿಬ್ಬರೂ ಕರೆಯುವ ಮೊದಲೇ ಒಬ್ಬರ ಬಳಿ ಒಬ್ಬರು ಹೋಗುವುದನ್ನು ರೂಢಿಸಿಕೊಂಡೆವು.

ಗ್ರಾಹಕರು ಕೂಗಾಡಿ ಹೋದ ಮೇಲೆ ಮುಂದಿನವರನ್ನು ಕರೆಯುವ ಮುನ್ನ ಎದ್ದು ನೀರು ಕುಡಿದು ಬನ್ನಿ.

ಆದರೆ ನಾಲ್ವರ ಕೆಲಸವನ್ನು ಇಬ್ಬರು ಮಾಡುವ ಶಾಖೆಯಲ್ಲಿ ಉಸಿರಾಟದ ಅಭ್ಯಾಸವೊಂದೇ ಪರಿಹಾರವಲ್ಲ. ಕೆಲಸದ ಹೊರೆ ಹೆಚ್ಚಿದ್ದು, ಅದನ್ನು ಮಾಡುವ ರೀತಿಯ ಮೇಲೆ ಹಿಡಿತ ಕಡಿಮೆಯಿದ್ದಾಗ ಮನಸ್ಸು ಹೆಚ್ಚು ಬಳಲುತ್ತದೆ ಎಂದು ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಆದ್ದರಿಂದ ಸಿಬ್ಬಂದಿ ಕೊರತೆಯನ್ನೂ ಮುಟ್ಟಲಾಗದ ಟಾರ್ಗೆಟ್ಟನ್ನೂ ದಿನಾಂಕಸಹಿತ ಬರೆದು ಮ್ಯಾನೇಜರಿಗೆ ಕೊಡಿ. ಮ್ಯಾನೇಜರರಾಗಿದ್ದರೆ, ಕ್ಯಾಶ್ ಕೌಂಟರಿನಲ್ಲಿ ಸದಾ ಒಬ್ಬರನ್ನೇ ಕೂರಿಸದೆ ಸರದಿ ಮಾಡಿ, ಟಾರ್ಗೆಟ್ ತಪ್ಪಿದವರನ್ನು ಎಲ್ಲರೆದುರು ಗದರದೆ ಬೇರೆಯಾಗಿ ಕರೆದು ಮಾತನಾಡಿ.

ರಜೆಯನ್ನು ರಜೆಯಾಗಿಯೇ ಕಳೆಯುವುದು ಇನ್ನೂ ಮುಖ್ಯ. 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ಬಿಡುವಿದೆ. ಆ ದಿನ ಶಾಖೆಯ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿಡಿ. ವಂಚನೆಗೆ ಅವಕಾಶವಿರುವ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆಗೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದ್ದು ವಂಚನೆ ತಡೆಯುವುದಕ್ಕಾಗಿ. ಆದರೂ ನಿಮ್ಮ ಹುದ್ದೆಯೂ ಅಂಥದ್ದಾಗಿದ್ದರೆ, ಆ ದಿನಗಳನ್ನು ಸಂಕೋಚವಿಲ್ಲದೆ ನಿದ್ದೆಗೂ ಮನೆಯವರಿಗೂ ಮೀಸಲಿಡಿ.

ನಿದ್ದೆ, ಹಸಿವು, ಉತ್ಸಾಹ ಎರಡು ವಾರ ಕಳೆದರೂ ಮರಳದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರಂತೂ ಒಂದು ದಿನವನ್ನೂ ಕಾಯದೆ, 2022ರ ಅಕ್ಟೋಬರ್ 10ರಂದು ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲಿರುಳೂ ಉಚಿತವಾಗಿರುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಪಕ್ಕದ ಕೌಂಟರಿನವರು ಕೆಲವು ದಿನಗಳಿಂದ ಊಟದ ಡಬ್ಬಿ ತೆರೆಯದೆ ಕುಳಿತಿದ್ದರೆ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಕರೆ ಮಾಡುವಾಗ ಅವರ ಜೊತೆಗೇ ಕುಳಿತುಕೊಳ್ಳಿ.